ಕುಡಿಯುವ ನೀರಿನ ಪಾಷಾಣ: ರೈತ ಕೇಳಬೇಕಾದ ಲೆಕ್ಕ



ಹೋದ ತಿಂಗಳು ಹೊಳೆಆಲೂರ ಸಂತೆಯಲ್ಲಿ ನಮ್ಮ ಹಿರಿಯ ಚಂದಾದಾರರೊಬ್ಬರು ತಡೆದು ನಿಲ್ಲಿಸಿದರು. "ಏನ್ರೀ, ಮುಂದಿನ ಸಂಚಿಕೆಯೊಳಗ ಕುಡಿಯೋ ನೀರಿನ ಬಗ್ಗೆ ಬರೀತೀರಂತ? ಹೆಸರಿನ ರೇಟ್ ಬರೀರಿ, ಬ್ಯಾಂಕಿನ ನೋಟೀಸ್ ಬರೀರಿ. ನೀರಿನ ಸುದ್ದಿ ಡಾಕ್ಟರ ಬರೀತಾರ" ಎಂದರು. ಅವರ ಮಾತಿಗೆ ಅಲ್ಲೇ ನಿಂತು ಉತ್ತರ ಕೊಡಲಿಲ್ಲ. ಚಹಾ ಕುಡಿಸಿ ಕಳಿಸಿದರು, ಬಂದೆವು. ಉತ್ತರವನ್ನು ಇಲ್ಲಿ ಕೊಡುತ್ತಿದ್ದೇವೆ.

ಬೆಲೆ ಮತ್ತು ಸಾಲ ಎಂಬ ಎರಡು ಮಾತಿಗಾಗಿಯೇ ಈ ಪತ್ರಿಕೆ ಹುಟ್ಟಿದೆ. ಆದರೆ ನಮ್ಮ ಊರುಗಳಲ್ಲಿ ಸಾಲ ಯಾವ ಬಾಗಿಲಿಂದ ಒಳಗೆ ಬರುತ್ತದೆ ಎಂದು ಒಂದು ಸಂಜೆ ಕಟ್ಟೆಯ ಮೇಲೆ ಕುಂತು ಎಣಿಸಿ ನೋಡಿರಿ. ಬೀಜ ಗೊಬ್ಬರದ ಸಾಲ ಒಂದು. ಮದುವೆಯ ಸಾಲ ಒಂದು. ಮೂರನೆಯದು ಬೋರಿನ ಸಾಲ. ನಾಲ್ಕನೆಯದು ದವಾಖಾನೆಯ ಸಾಲ. ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಡುವೆ ಒಂದು ದಾರಿ ಇದೆ. ಆ ದಾರಿಯಲ್ಲಿ ಹರಿಯುವುದು ನೀರು. ಸಾಲ ಮಾಡಿ ಭೂಮಿಯ ಹೊಟ್ಟೆ ಬಗೆದು ತೆಗೆದ ನೀರು ಮುಂದೆ ನಮ್ಮ ಹೊಟ್ಟೆಯನ್ನೇ ಬಗೆದು ಇನ್ನೊಂದು ಸಾಲಕ್ಕೆ ದೂಡುವುದಾದರೆ, ಅದು ಬೆಲೆ-ಸಾಲದ ಪತ್ರಿಕೆಯ ವಿಷಯ ಅಲ್ಲ ಎನ್ನುವುದು ಹೇಗೆ?

ನಮ್ಮದೇ ಒಂದು ಸಂಗತಿ ಹೇಳುತ್ತೇವೆ. ಕೆಲವು ವರ್ಷಗಳ ಹಿಂದೆ ಬರ ಬಿದ್ದಾಗ ಈ ಲೇಖಕನೂ ಎಲ್ಲರಂತೆ ಹೊಲದಲ್ಲಿ ಬೋರು ಹಾಕಿಸಿದ. ಮೊದಲನೆಯದು ಬರೇ ಧೂಳು. ಎರಡನೆಯದಕ್ಕೆ ಎರಡು ಇಂಚು ನೀರು ಬಿತ್ತು. ಊರಿನ ನಲ್ಲಿ ಬಾರದ ದಿನ ಮನೆಮಂದಿ, ಆಳುಮಂದಿ ಅದನ್ನೇ ಕುಡಿದರು. ಒಂದು ದಿನ ಬುದ್ಧಿ ಬಂದು ಆ ನೀರನ್ನು ಬಾಟಲಿಯಲ್ಲಿ ತುಂಬಿ ಒಂದು ಪ್ರಯೋಗಾಲಯಕ್ಕೆ ಒಯ್ದದ್ದಾಯಿತು. ಹದಿನೈದು ದಿನ ಬಿಟ್ಟು ಕಾಗದ ಬಂತು. ಉಪ್ಪು ಇಷ್ಟು, ಸುಣ್ಣ ಇಷ್ಟು, ಫ್ಲೋರೈಡ್ ಇಷ್ಟು. ಕೆಳಗೆ ಒಂದು ಸಿಕ್ಕ, "ಕುಡಿಯಲು ಯೋಗ್ಯ". ಆರ್ಸೆನಿಕ್ ಎಂಬ ಸಾಲೇ ಆ ಕಾಗದದಲ್ಲಿ ಇರಲಿಲ್ಲ. ಕೇಳಿದರೆ, "ಅದನ್ನ ನೀವು ಬರದು ಕೊಟ್ಟಿಲ್ಲಲ್ರೀ, ಅದಕ್ಕ ಬ್ಯಾರೆ ಫೀ" ಎಂದರು. ನೋಡದೇ ಇದ್ದದ್ದನ್ನು ಇಲ್ಲ ಎಂದು ಬರೆದ ಹಾಗೆ ಆಯಿತು ಅದು. ಕಣ್ಣು ಮುಚ್ಚಿ ಕಣದ ರಾಶಿ ಅಳೆದಂತೆ.

ಆರ್ಸೆನಿಕ್ ಎಂದರೆ ನಮ್ಮ ಹಿರಿಯರು ಪಾಷಾಣ ಎಂದು ಕರೆಯುತ್ತಿದ್ದ ವಸ್ತುವೇ. ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ಸವುಳು ನೀರನ್ನು ನಾಲಿಗೆ ಹಿಡಿಯುತ್ತದೆ, ಕೆಸರು ನೀರನ್ನು ಕಣ್ಣು ಹಿಡಿಯುತ್ತದೆ, ಇದನ್ನು ಯಾವುದೂ ಹಿಡಿಯುವುದಿಲ್ಲ. ಸಿಹಿ ನೀರು ಸಿಕ್ಕಿತು ಎಂದು ನೆರೆಹೊರೆಯವರನ್ನೆಲ್ಲ ಕರೆದು ಕುಡಿಸುವಂಥ ನೀರಿನಲ್ಲೂ ಅದು ಇರಬಹುದು. ಒಂದು ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1993ರಲ್ಲಿ ಮಿತಿ ಹಾಕಿತು. ನಮ್ಮ ದೇಶದ ಮಾನಕವೂ ಈಗ ಅದೇ. ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದ ಒಂದು ಪಾಲು. ಈ ಲೆಕ್ಕ ತಲೆಗೆ ಹೋಗುವುದಿಲ್ಲ ಎಂದು ನಮಗೂ ಗೊತ್ತು, ಹಾಗಾಗಿ ಹೀಗೆ ಹೇಳೋಣ: 5,000 ಲೀಟರಿನ ಒಂದು ಟ್ಯಾಂಕರಿನಲ್ಲಿ ಒಟ್ಟು 50 ಮಿಲಿಗ್ರಾಂ ಇದ್ದರೆ ಮಿತಿ ಮುಟ್ಟಿತು. 50 ಮಿಲಿಗ್ರಾಂ ಎಂದರೆ ತೂಕದಲ್ಲಿ ಎರಡು ಕಾಳು ಬಿಳಿಜೋಳಕ್ಕೂ ಕಡಿಮೆ. ಇಡೀ ಟ್ಯಾಂಕರಿಗೆ ಎರಡು ಕಾಳು!

ಇದು ಬಂಗಾಲದ ರೋಗ, ನಮಗೇನು ಸಂಬಂಧ ಎಂದು ಬಹಳ ಜನ ತಿಳಿದಿದ್ದಾರೆ. ಬಂಗಾಲದಲ್ಲಿ ಅದು ದೊಡ್ಡದಾಗಿ ಆದದ್ದು ನಿಜ. 1983ರಲ್ಲಿ ಕಲ್ಕತ್ತೆಯ ಚರ್ಮರೋಗ ವೈದ್ಯ ಡಾ. ಕೆ.ಸಿ. ಸಾಹಾ ಅವರು ಹಳ್ಳಿಯಿಂದ ಬಂದ ರೋಗಿಗಳ ಮೈಮೇಲಿನ ಕಲೆ ನೋಡಿ ಇದು ಕೊಳವೆಬಾವಿಯ ನೀರಿನಿಂದ ಬಂದದ್ದು ಎಂದು ಗುರುತಿಸಿದರು. ಗಡಿಯಾಚೆ ಬಾಂಗ್ಲಾದೇಶದಲ್ಲಿ, ಕೆರೆ ಕುಂಟೆಯ ನೀರಿನಿಂದ ಮಕ್ಕಳು ವಾಂತಿಭೇದಿಯಾಗಿ ಸಾಯುತ್ತಾರೆ ಎಂದು 1970ರ ದಶಕದಿಂದ ಲಕ್ಷಗಟ್ಟಲೆ ಕೊಳವೆಬಾವಿ ಕೊರೆಸಲಾಗಿತ್ತು. ಒಳ್ಳೆಯ ಉದ್ದೇಶವೇ. ಆದರೆ ಕೊರೆದ ನೀರಿನಲ್ಲಿ ಆರ್ಸೆನಿಕ್ ಇದೆಯೋ ಇಲ್ಲವೋ ಎಂದು ಆಗ ಯಾರೂ ನೋಡಲಿಲ್ಲ. ಇತಿಹಾಸದಲ್ಲೇ ಇಷ್ಟು ದೊಡ್ಡ ಜನಸಮೂಹಕ್ಕೆ ವಿಷ ಬಿದ್ದದ್ದು ಇಲ್ಲ ಎಂದು 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲೇ ಬರೆಯಲಾಯಿತು.

ಆದರೆ ಬಂಗಾಲಕ್ಕೆ ಹೋಗುವ ಕಾರಣವೇ ಇಲ್ಲ. ನಮ್ಮ ಹೊಳೆಮಣ್ಣೂರಿನಿಂದ ಕೃಷ್ಣೆ ದಾಟಿ ಮೂಡಲಕ್ಕೆ ಹೋದರೆ ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯಲ್ಲಿ ಕಿರದಳ್ಳಿ ತಾಂಡಾ ಇದೆ. ಅದರ ಹತ್ತಿರ ಮಂಗಳೂರು ಎಂಬ ಊರು (ಇದು ಸಮುದ್ರದಂಡೆಯ ಮಂಗಳೂರಲ್ಲ), ಅಲ್ಲಿ ಹಿಂದೆ ಚಿನ್ನದ ಗಣಿ ಇತ್ತು, ಈಗ ಮುಚ್ಚಿದೆ. ಚಿನ್ನ ತೆಗೆದುಕೊಂಡು ಹೋದರು. ಅರೆದ ಕಲ್ಲಿನ ಹುಡಿ ಅಲ್ಲೇ ಉಳಿಯಿತು. ಜಾದವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿ ಮತ್ತು ಜೊತೆಗಾರರು ಆ ಸೀಮೆಯಲ್ಲಿ ಮಾಡಿದ ಪರೀಕ್ಷೆಯ ವರದಿ 2013ರಲ್ಲಿ ಅಚ್ಚಾಯಿತು. 59 ಕೊಳವೆಬಾವಿಗಳ ನೀರು ನೋಡಿದರು. ನೂರಕ್ಕೆ 79ರಲ್ಲಿ ಮಿತಿಗಿಂತ ಹೆಚ್ಚು ಆರ್ಸೆನಿಕ್. ಅತಿ ಹೆಚ್ಚು ಇದ್ದದ್ದು ಲೀಟರಿಗೆ 303 ಮೈಕ್ರೋಗ್ರಾಂ. ನಮ್ಮ ಜೋಳದ ಲೆಕ್ಕದಲ್ಲಿ, ಟ್ಯಾಂಕರಿಗೆ ಎರಡು ಕಾಳು ಇರಬಾರದ ಕಡೆ ಸುಮಾರು ಐವತ್ತು ಕಾಳು. 12 ಕಡೆಯ ಮೇಲ್ಮಣ್ಣು ನೋಡಿದರೆ 6ರಲ್ಲಿ ಕಿಲೋಗೆ 2,000 ಮಿಲಿಗ್ರಾಮಿಗೂ ಮೀರಿತ್ತು. 171 ಜನರ ಕೂದಲು ಉಗುರು ಪರೀಕ್ಷೆ ಮಾಡಿದರು, ಒಬ್ಬರನ್ನೂ ಬಿಡದೆ ಎಲ್ಲರಲ್ಲೂ ಆರ್ಸೆನಿಕ್ ಹೆಚ್ಚಿತ್ತು. ಮೈ ನೋಡಿದ 181 ಜನರಲ್ಲಿ ನೂರಕ್ಕೆ 58ಕ್ಕೂ ಹೆಚ್ಚು ಮಂದಿಗೆ ಚರ್ಮದ ಮೇಲೆ ಆರ್ಸೆನಿಕ್ಕಿನ ಗುರುತುಗಳು ಎದ್ದಿದ್ದವು.

ಆ ಗುರುತು ಹೇಗಿರುತ್ತದೆ ಎಂದು ಓದುಗರಿಗೆ ಗೊತ್ತಿರಬೇಕು. ಎದೆ ಬೆನ್ನ ಮೇಲೆ ಮಳೆಹನಿ ಸಿಡಿದಂತೆ ಕಪ್ಪು ಕಲೆ, ನಡುನಡುವೆ ಬಿಳಿ ಚುಕ್ಕೆ. ಅಂಗೈ ಅಂಗಾಲು ದಪ್ಪಾಗಿ, ಗಂಟುಗಂಟಾಗಿ, ಬಿರಿಯುತ್ತವೆ. ಕುಡಿಯಲು ಶುರು ಮಾಡಿದ ಮರುದಿನ ಬರುವುದಲ್ಲ ಇದು. ಹಲವು ವರ್ಷ ಒಳಗೇ ಕೂಡಿಬಿದ್ದು ಆಮೇಲೆ ಹೊರಗೆ ಕಾಣುತ್ತದೆ. ಸಾಲದ ಬಡ್ಡಿ ಹಾಗೆ. ಇನ್ನೂ ಮುಂದುವರಿದರೆ ಚರ್ಮದ, ಪುಪ್ಪುಸದ, ಮೂತ್ರಕೋಶದ ಕ್ಯಾನ್ಸರ್. ರೈತನ ಅಂಗೈಯಲ್ಲಿ ಕುಡಗೋಲು ಹಿಡಿದ ಜಡ್ಡು ಹೇಗೂ ಇರುತ್ತದೆ, ಹಾಗಾಗಿ ಮೊದಮೊದಲು ಯಾರೂ ಗಮನಿಸುವುದಿಲ್ಲ. ಇದು ಅಂಟುವ ರೋಗವಲ್ಲ. ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಹಚ್ಚಬೇಕು. ಯಾಕೆಂದರೆ ಬಂಗಾಲದ ಕಡೆ ಮೈಮೇಲೆ ಕಲೆ ಎದ್ದ ಹೆಣ್ಣುಮಕ್ಕಳನ್ನು ತವರಿಗೆ ಅಟ್ಟಿದ ಉದಾಹರಣೆಗಳಿವೆ. ಇದಕ್ಕೆ ಗುಳಿಗೆ ಇಲ್ಲ, ಇಂಜೆಕ್ಷನ್ ಇಲ್ಲ. ಆ ನೀರು ನಿಲ್ಲಿಸಿ ಒಳ್ಳೆಯ ನೀರು, ಒಳ್ಳೆಯ ಊಟ ಕೊಡುವುದೇ ಮೊದಲ ಮದ್ದು. ಆದರೆ ಅದು ಗೊತ್ತಾಗುವ ಹೊತ್ತಿಗೆ ಒಂದು ಮನೆತನ ಎಷ್ಟು ದವಾಖಾನೆ ತಿರುಗಿರುತ್ತದೆ, ಎಷ್ಟು ಮುಲಾಮು ತಿಕ್ಕಿರುತ್ತದೆ, ಎಷ್ಟು ಕೈಗಡ ಮಾಡಿರುತ್ತದೆ! ಸಂತೆಯಲ್ಲಿ ನಮ್ಮನ್ನು ತಡೆದ ಹಿರಿಯರೇ, ಸಾಲದ ಸುದ್ದಿ ಇಲ್ಲಿದೆ ನೋಡಿರಿ.

ನಮ್ಮ ರೋಣ, ನರಗುಂದ, ಗಜೇಂದ್ರಗಡದ ಬಾವಿಗಳಲ್ಲಿ ಪಾಷಾಣ ಇದೆ ಎಂದು ಈ ಪತ್ರಿಕೆ ಡಂಗುರ ಸಾರುತ್ತಿಲ್ಲ. ಸುಳ್ಳು ಗಾಬರಿ ಹಬ್ಬಿಸಿ ಫಿಲ್ಟರ್ ಮಾರುವವರ ದಲ್ಲಾಳಿ ಕೆಲಸ ನಮ್ಮದಲ್ಲ. ನಾವು ಹೇಳುವುದು ಇಷ್ಟೇ: ನೋಡಿದ ಕಾಗದ ಎಲ್ಲಿದೆ, ತೋರಿಸಿರಿ. ಕೇಳಲು ನಮಗೆ ಕಾರಣ ಇದೆ. ನಮ್ಮ ಗದಗ ಜಿಲ್ಲೆಯ ಕಪ್ಪತಗುಡ್ಡದ ಸಾಲಿನಲ್ಲಿಯೂ ಚಿನ್ನದ ಕಲ್ಲಿದೆ. ನೂರು ವರ್ಷದ ಹಿಂದೆ ಬ್ರಿಟಿಷರ ಕಂಪನಿಗಳು ಅಲ್ಲಿ ಅಗೆದು ಹೋದ ಗುಂಡಿಗಳು ಇನ್ನೂ ಇವೆ. ಆ ಚಿನ್ನದ ಕಲ್ಲಿನ ಜೊತೆ ಕಬ್ಬಿಣ, ಗಂಧಕ, ಆರ್ಸೆನಿಕ್ ಮೂರೂ ಕೂಡಿದ ಒಂದು ಅದಿರು ಬೆರೆತಿರುತ್ತದೆ. ಹಟ್ಟಿಯ ಗಣಿಯ ಕಲ್ಲಿನಲ್ಲೂ ಅದೇ. ಭೂಮಿಯ ಒಳಗೆ ಗಾಳಿ ಸೋಕದೆ ಮಲಗಿದ್ದಾಗ ಅದು ಯಾರಿಗೂ ಕೇಡು ಮಾಡುವುದಿಲ್ಲ. ಒಡೆದು, ಅರೆದು, ಹೊರಗೆ ಸುರಿದಾಗ ಗಾಳಿ ನೀರು ಸೋಕಿ ಕರಗುತ್ತದೆ. ಮೊದಲ ಮಳೆಗೆ ಹಳ್ಳಕ್ಕೆ ಇಳಿಯುತ್ತದೆ.

ಕಪ್ಪತಗುಡ್ಡಕ್ಕೆ 2015ರಲ್ಲಿ ಕೊಟ್ಟ ಸಂರಕ್ಷಿತ ಪಟ್ಟವನ್ನು ಸರಕಾರ 2016ರಲ್ಲಿ ಕಿತ್ತುಕೊಂಡಿತು, ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತು ಜನ ಬೀದಿಗೆ ಇಳಿದ ಮೇಲೆ 2017ರಲ್ಲಿ ತಿರುಗಿ ಕೊಟ್ಟಿತು, 2019ರಲ್ಲಿ ವನ್ಯಜೀವಿ ಧಾಮ ಎಂದು ಘೋಷಿಸಿತು. ಆಗ ನಮ್ಮ ಕೆಲವು ರೈತರೇ, "ಗುಡ್ಡ ಉಳದರ ನಮಗೇನ್ ಬಂತು, ಗಣಿ ಆದರ ಹುಡುಗರಿಗೆ ನೌಕರಿ" ಎಂದದ್ದುಂಟು. ಅವರು ಒಂದು ಸಲ ಕಿರದಳ್ಳಿ ತಾಂಡಾಕ್ಕೆ ಹೋಗಿ ಬರಲಿ.

ಇನ್ನು ಊರಿನ ನೀರಿನಿಂದ ಇದನ್ನು ತೆಗೆಯುವುದು ಹೇಗೆ ಎಂಬ ಮಾತಿಗೆ ಬರೋಣ. ಇಲ್ಲಿ ಬಹಳ ತಪ್ಪು ತಿಳುವಳಿಕೆ ಇದೆ.

ಕಾಸಿ ಆರಿಸಿದರೆ ಹೋಗುತ್ತದೆ ಎನ್ನುತ್ತಾರೆ. ಹೋಗುವುದಿಲ್ಲ. ಕಾಸಿದರೆ ಕ್ರಿಮಿ ಸಾಯುತ್ತದೆ, ಪಾಷಾಣ ಸಾಯುವುದಿಲ್ಲ; ನೀರು ಆವಿಯಾಗಿ ಉಳಿದದ್ದರಲ್ಲಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಸೀರೆ ಮಡಿಸಿ ಸೋಸಿದರೂ ಹೋಗುವುದಿಲ್ಲ, ಸಕ್ಕರೆ ಕರಗಿದ ಹಾಗೆ ಅದು ನೀರಿನಲ್ಲಿ ಕರಗಿರುತ್ತದೆ. ನೀರಿನ ಮಷಿನ್ ಮಾರಲು ಬರುವ ಹುಡುಗ ಒಂದು ಪೆನ್ನಿನಂಥದ್ದನ್ನು ನೀರಿನಲ್ಲಿ ಅದ್ದಿ ಅಂಕಿ ತೋರಿಸುತ್ತಾನಲ್ಲ, ಅದು ನೀರಿನಲ್ಲಿ ಕರಗಿದ ಉಪ್ಪಿನ ಒಟ್ಟು ಮೊತ್ತ ಮಾತ್ರ. ಅದು ನೂರರಲ್ಲಿ, ಸಾವಿರದಲ್ಲಿ ಮಿಲಿಗ್ರಾಂ ಎಣಿಸುವ ಉಪಕರಣ. ನಾವು ಹುಡುಕುತ್ತಿರುವುದು ಒಂದು ಮಿಲಿಗ್ರಾಮಿನ ನೂರನೇ ಪಾಲು. ಜಿನ್ನಿನ ವೇಬ್ರಿಜ್ ಮೇಲೆ ಮೂಗುತಿ ತೂಗಿದಂತೆ.

ಹಾಗಾದರೆ ಯಾವುದು ಹಿಡಿಯುತ್ತದೆ? ಕಬ್ಬಿಣದ ತುಕ್ಕು ಹಿಡಿಯುತ್ತದೆ. ನಂಬಲು ಕಷ್ಟ, ಆದರೆ ನಿಜ. ಕಬ್ಬಿಣ ತುಕ್ಕಾದಾಗ ಆ ತುಕ್ಕಿಗೆ ಆರ್ಸೆನಿಕ್ ಬಂದು ಅಂಟಿಕೊಳ್ಳುತ್ತದೆ. ಬಾಂಗ್ಲಾದೇಶದ ಕುಷ್ಟಿಯಾ ಸೀಮೆಯವರಾದ ಅಬುಲ್ ಹುಸ್ಸಾಮ್ ಎಂಬ ವಿಜ್ಞಾನಿ ಕಬ್ಬಿಣದ ಚೂರು, ಉಸುಕು, ಇದ್ದಲಿ, ಇಟ್ಟಂಗಿ ಚೂರು ಇವುಗಳನ್ನೇ ಪಾತ್ರೆಯಲ್ಲಿ ಪದರುಪದರಾಗಿ ಹಾಕಿ 'ಸೋನೋ' ಎಂಬ ಸೋಸುಕ ಮಾಡಿದರು. ಅದಕ್ಕೆ 2007ರಲ್ಲಿ ಅಮೆರಿಕದಲ್ಲಿ ಹತ್ತು ಲಕ್ಷ ಡಾಲರಿನ ಬಹುಮಾನ ಬಂತು. ನೇಪಾಳದಲ್ಲಿ ಕಬ್ಬಿಣದ ಮೊಳೆಗಳನ್ನು ಉಸುಕಿನ ಮೇಲೆ ಹರಡಿ 'ಕಾಂಚನ' ಎಂಬ ಸೋಸುಕ ಮಾಡಿದ್ದಾರೆ. ನಮ್ಮ ಮದ್ರಾಸ್ ಐಐಟಿಯಲ್ಲಿ ಟಿ. ಪ್ರದೀಪ್ ಅವರ ತಂಡ ಮಾಡಿರುವ 'ಅಮೃತ್' ಎಂಬುದೂ ಕಬ್ಬಿಣದ ಒಂದು ಸಂಯುಕ್ತವೇ. ಅಲ್ಯುಮಿನಾ ಎಂಬ ಹರಳಿನ ಪುಡಿಯೂ ಹಿಡಿಯುತ್ತದೆ. ಪಟಕವೂ ಹಿಡಿಯುತ್ತದೆ, ಆದರೆ ಅರ್ಧ ಮಾತ್ರ. ಯಾಕೆಂದರೆ ನೀರಿನಲ್ಲಿ ಆರ್ಸೆನಿಕ್ ಎರಡು ರೂಪದಲ್ಲಿರುತ್ತದೆ. ಒಂದು ಸುಲಭವಾಗಿ ಅಂಟುವಂಥದ್ದು, ಇನ್ನೊಂದು ಜಾರಿ ಹೋಗುವಂಥದ್ದು. ಗಾಳಿ ಇಲ್ಲದ ಆಳದ ನೀರಿನಲ್ಲಿ ಈ ಜಾರುವ ರೂಪ ಹೆಚ್ಚು, ಅದೇ ಹೆಚ್ಚು ವಿಷ. ಅದನ್ನು ಮೊದಲು ಗಾಳಿಯಿಂದಲೋ ಕ್ಲೋರಿನ್ನಿನಿಂದಲೋ ಅಂಟುವ ರೂಪಕ್ಕೆ ತಿರುಗಿಸಬೇಕು, ಆಮೇಲೆ ಹಿಡಿಯಬೇಕು. ಇದನ್ನು ಓದಿ ಯಾರೂ ಮನೆಯಲ್ಲಿ ಪಟಕ, ಬ್ಲೀಚಿಂಗ್ ಪುಡಿ ಕಲಿಸಿ ಪ್ರಯೋಗ ಮಾಡಬೇಡಿರಿ. ಅಳತೆ ತಪ್ಪಿದರೆ ಒಂದು ಹೋಗಿ ಇನ್ನೊಂದಾಗುತ್ತದೆ.

ನಮ್ಮ ಊರುಗಳಲ್ಲಿ ಇರುವ ಶುದ್ಧ ನೀರಿನ ಘಟಕ ಮಾಡುವುದು ಬೇರೆ ಕೆಲಸ. ಅದು ಒತ್ತಡ ಹಾಕಿ ನೀರನ್ನು ತೆಳು ಪರದೆಯ ಮೂಲಕ ಹಿಂಡುತ್ತದೆ. ಉಪ್ಪು, ಫ್ಲೋರೈಡ್, ಅಂಟುವ ರೂಪದ ಆರ್ಸೆನಿಕ್ ಇವನ್ನು ಚೆನ್ನಾಗಿಯೇ ತಡೆಯುತ್ತದೆ, ಜಾರುವ ರೂಪವನ್ನು ಅಷ್ಟು ತಡೆಯುವುದಿಲ್ಲ. ಪರದೆ ಹಳೆಯದಾದರೆ ಯಾವುದನ್ನೂ ತಡೆಯುವುದಿಲ್ಲ. ಆದರೂ ನಾಣ್ಯ ಹಾಕಿದರೆ ನೀರು ಬರುತ್ತಲೇ ಇರುತ್ತದೆ! ಪರದೆ ಯಾವಾಗ ಬದಲಾಯಿಸಿದಿರಿ ಎಂದು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ? ಕ್ಯಾನು ತುಂಬಿತೋ ಇಲ್ಲವೋ ಎಂಬುದಷ್ಟೇ ನಮ್ಮ ಚಿಂತೆ. ಇನ್ನೊಂದು ಮಾತು, ಆ ಘಟಕ ತಾನು ಶುದ್ಧ ಮಾಡಿದಷ್ಟೇ, ಕೆಲವು ಸಲ ಅದಕ್ಕಿಂತ ಹೆಚ್ಚು ನೀರನ್ನು ಗಟಾರಕ್ಕೆ ಬಿಡುತ್ತದೆ. ತೆಗೆದ ವಿಷವೆಲ್ಲ ಗಟ್ಟಿಯಾಗಿ ಅದರಲ್ಲಿರುತ್ತದೆ. ಅದು ಎಲ್ಲಿಗೆ ಹರಿಯುತ್ತದೆ? ಬಾವಿ ಮಗ್ಗುಲಲ್ಲೋ, ದನ ಕುಡಿಯುವ ಹೊಂಡಕ್ಕೋ? ಸೋಸುಕದ ಹಳೆಯ ಉಸುಕು, ತುಕ್ಕಿನ ಕೆಸರೂ ಹಾಗೆಯೇ. ಅದನ್ನು ತಿಪ್ಪೆಗೆ ಹಾಕಿದರೆ ಗೊಬ್ಬರದೊಡನೆ ಹೊಲ ಸೇರುತ್ತದೆ. ನಿಂತ ನೀರಿನ ಭತ್ತ ಬೇರೆ ಬೆಳೆಗಳಿಗಿಂತ ಹೆಚ್ಚು ಆರ್ಸೆನಿಕ್ ಎಳೆದುಕೊಳ್ಳುತ್ತದೆ ಎಂದು ಬಂಗಾಲದಲ್ಲಿ ಕಂಡಿದ್ದಾರೆ. ನಮ್ಮ ಎರಿ ಭೂಮಿಯ ಜೋಳ ಕಡ್ಲಿಗೆ ಆ ಭಯ ಕಡಿಮೆ, ಆದರೆ ವಿಷ ಹೊಲಕ್ಕೆ ಬೀಳಲಿ ಎಂದು ಯಾವ ರೈತ ಬಯಸುತ್ತಾನೆ?

ಯಂತ್ರ ತಂದು ನಿಲ್ಲಿಸಿ ಫೋಟೋ ಹೊಡೆಸಿಕೊಂಡರೆ ನೀರು ಶುದ್ಧವಾಗುವುದಿಲ್ಲ ಎನ್ನುವುದಕ್ಕೂ ಬಂಗಾಲವೇ ಸಾಕ್ಷಿ. ದೇಶವಿದೇಶದ 11 ತಯಾರಕರ 18 ಆರ್ಸೆನಿಕ್ ತೆಗೆಯುವ ಘಟಕಗಳನ್ನು ಬಾರುಯಿಪುರದಲ್ಲಿ ನಿಲ್ಲಿಸಿ ಎರಡು ವರ್ಷ ಪರೀಕ್ಷಿಸಿದರು. 2005ರಲ್ಲಿ ಬಂದ ವರದಿ ಏನು ಹೇಳಿತು? 10 ಮೈಕ್ರೋಗ್ರಾಮಿನ ಮಿತಿಯನ್ನು ಎಲ್ಲ ಕಾಲಕ್ಕೂ ಕಾಯ್ದುಕೊಂಡ ಘಟಕ ಒಂದೂ ಇಲ್ಲ. ಆದರೆ ಅದೇ ಸೀಮೆಯಲ್ಲಿ ಇನ್ನೊಂದು ಉದಾಹರಣೆಯೂ ಇದೆ. ಶಿಬ್‌ಪುರದ ಇಂಜಿನಿಯರಿಂಗ್ ಕಾಲೇಜಿನವರು ಅಮೆರಿಕದ ಲೀಹಾಯ್ ವಿಶ್ವವಿದ್ಯಾಲಯದ ಅರೂಪ್ ಸೇನಗುಪ್ತ ಅವರ ಜೊತೆಗೂಡಿ 1990ರ ದಶಕದ ಕೊನೆಯಿಂದ ಬಾವಿಯ ಬಾಯಿಗೇ ಅಲ್ಯುಮಿನಾ ತುಂಬಿದ ಸೋಸುಕ ಕೂಡಿಸಿದರು. ಅದನ್ನು ಊರಿನ ಸಮಿತಿಗೇ ಒಪ್ಪಿಸಿದರು. ಮನೆಗಿಷ್ಟು ಎಂದು ತಿಂಗಳ ವಂತಿಗೆ, ಅದರಿಂದ ನೋಡಿಕೊಳ್ಳುವವನಿಗೆ ಸಂಬಳ, ಗೊತ್ತಾದ ಅವಧಿಗೆ ಪರೀಕ್ಷೆ, ತುಂಬಿದ ಪುಡಿಯನ್ನು ತೊಳೆದು ತಿರುಗಿ ಬಳಸುವುದಕ್ಕೆ ಒಂದು ಸ್ಥಳ. ಅವು ವರ್ಷಗಟ್ಟಲೆ ನಡೆದವು. ಪುಡಿ ಅಲ್ಲೂ ಇತ್ತು, ಇಲ್ಲೂ ಇತ್ತು, ಅಲ್ಲಿ ಕಾಯುವವನಿದ್ದ.

ಇಲ್ಲಿ ಹಣದ ಲೆಕ್ಕ ಬರಲಿ. 20 ಲೀಟರ್ ಕ್ಯಾನಿಗೆ 5 ರೂಪಾಯಿ ಹಿಡಿಯಿರಿ. ಒಂದು ಮನೆಗೆ ದಿನಕ್ಕೆ ಎರಡು ಕ್ಯಾನು, ವರ್ಷಕ್ಕೆ 3,650 ರೂಪಾಯಿ. 2025-26ಕ್ಕೆ ಕೇಂದ್ರ ಸರಕಾರ ಹೆಸರಿಗೆ ಕಟ್ಟಿದ ಬೆಂಬಲ ಬೆಲೆ ಕ್ವಿಂಟಾಲಿಗೆ 8,768 ರೂಪಾಯಿ. ಅಂದರೆ ಆ ಬೆಲೆ ಸಿಕ್ಕರೂ ಒಂದು ಮನೆ ವರ್ಷಕ್ಕೆ ಸುಮಾರು 42 ಕಿಲೋ ಹೆಸರು ಬರೇ ಕುಡಿಯುವ ನೀರಿಗೆ ಸುರಿಯಬೇಕು. ಅಡತಿಯಲ್ಲಿ ಸಿಗುವ ಬೆಲೆ ಅದಕ್ಕಿಂತ ಕೆಳಗಿಳಿದ ದಿನ ಅರ್ಧ ಕ್ವಿಂಟಾಲ್ ಮುಟ್ಟುತ್ತದೆ. ದೆಹಲಿಯ ಬೆಲೆ ಆಯೋಗದ ಉತ್ಪಾದನಾ ವೆಚ್ಚದ ಪಟ್ಟಿಯಲ್ಲಿ ಬೀಜ ಇದೆ, ಗೊಬ್ಬರ ಇದೆ, ಎತ್ತಿನ ದುಡಿಮೆ ಇದೆ, ಮನೆಯವರ ದುಡಿಮೆಗೂ ಏನೋ ಒಂದು ಕೂಲಿ ಇದೆ. ದುಡಿಯುವವ ಕುಡಿಯುವ ನೀರು ಇಲ್ಲ. ಪೇಟೆಯ ಕಾರಖಾನೆ ತನ್ನ ಕಾರ್ಮಿಕನಿಗೆ ನೀರು ಕೊಡುವುದನ್ನು ಖರ್ಚಿನಲ್ಲಿ ಬರೆದುಕೊಳ್ಳುತ್ತದೆ, ಮಾಲಿನ ಬೆಲೆಯಲ್ಲಿ ವಸೂಲಿ ಮಾಡುತ್ತದೆ. ರೈತ ಎಲ್ಲಿ ವಸೂಲಿ ಮಾಡಬೇಕು?

1980ರ ಜುಲೈ 21ರಂದು ನರಗುಂದ ನವಲಗುಂದದ ನೆಲದಲ್ಲಿ ವೀರಪ್ಪ ಕಡ್ಲಿಕೊಪ್ಪ, ಬಸಪ್ಪ ಲಕ್ಕುಂಡಿ ಗುಂಡಿಗೆ ಎದೆಯೊಡ್ಡಿದರು. ಆಗ ಏನು ಕೇಳಿದ್ದೆವು? ಹೊಲಕ್ಕೆ ಸರಿಯಾಗಿ ನೀರೇ ಮುಟ್ಟದೆ ನೀರಿನ ಕರ, ಅಭಿವೃದ್ಧಿ ಕರ ಯಾಕೆ ಕೊಡಬೇಕು ಎಂದು ಕೇಳಿದ್ದೆವು. ಇವತ್ತು ಅದೇ ಪ್ರಶ್ನೆ ಕೊಡದ ಮುಂದೆ ಬಂದು ನಿಂತಿದೆ. ಪಂಚಾಯತಿ ನೀರಿನ ಕರ ಕೇಳುತ್ತದೆ, ಘಟಕ ನಾಣ್ಯ ಕೇಳುತ್ತದೆ. ನೀರಿನಲ್ಲಿ ಏನಿದೆ ಎಂಬ ಕಾಗದವನ್ನು ಮಾತ್ರ ಯಾರೂ ಕೊಡುವುದಿಲ್ಲ.

ನಮ್ಮವರ ಮೇಲೂ ಒಂದು ಮಾತು ಹೇಳದೆ ಬಿಟ್ಟರೆ ಪಕ್ಷಪಾತವಾಗುತ್ತದೆ. ಹತ್ತಿಪ್ಪತ್ತು ಎಕರೆ ಇದ್ದವರ ಮನೆಯ ಅಡುಗೆಮನೆ ಗೋಡೆಗೆ ಈಗ ನೀರಿನ ಮಷಿನ್ ನೇತು ಬಿದ್ದಿದೆ. ಅವರ ಹೊಲಕ್ಕೆ ಕಳೆ ತೆಗೆಯಲು ಬರುವ ಹೆಣ್ಣುಮಕ್ಕಳು, ತಾಂಡಾದವರು, ಕೇರಿಯವರು, ಮೋಟಾರ್ ಮನೆಯ ಪೈಪಿಗೆ ಬೊಗಸೆ ಒಡ್ಡುತ್ತಾರೆ. ಆ ಬೋರು ನಮ್ಮದು, ಆ ನೀರಿನ ಜವಾಬ್ದಾರಿಯೂ ನಮ್ಮದೇ. ಒಬ್ಬನದು 200 ಅಡಿ ಆದರೆ ಪಕ್ಕದವನು 400, ಅವನು ಬತ್ತಿಸಿದರೆ ಇವನು 600. ಹೀಗೆ ಜಿದ್ದಿಗೆ ಬಿದ್ದು ಕೊರೆದವರು ನಾವೇ. ಆಳಕ್ಕೆ ಹೋದಷ್ಟೂ ನೀರು ಕಲ್ಲಿನ ಸಂದಿಯಲ್ಲಿ ಹಳೆಯ ಕಾಲದಿಂದ ನಿಂತದ್ದು, ಕಲ್ಲಿನ ಗುಣವೆಲ್ಲ ಅದಕ್ಕೆ ಇಳಿದಿರುತ್ತದೆ. ಮುಂಡರಗಿ ಕಡೆ ಫ್ಲೋರೈಡಿನಿಂದ ಹಲ್ಲು ಕಂದಾಗಿ ಮೊಣಕಾಲು ಬಾಗಿದವರನ್ನು ನಾವೆಲ್ಲ ನೋಡಿದ್ದೇವೆ.

ನಮ್ಮ ಅಪ್ಪ ಅಜ್ಜಂದಿರು ಮಲಪ್ರಭೆಯ ಉಸುಕಿನಲ್ಲಿ ಒರತಿ ತೋಡಿ, ತಿಳಿಯಾಗುವ ತನಕ ಕಾಯ್ದು, ಚೆರಿಗೆಯಿಂದ ಮೊಗೆದು ಕೊಡ ತುಂಬುತ್ತಿದ್ದರು. ಉಸುಕೇ ಸೋಸುಕ. ಆ ಉಸುಕು ಲಾರಿ ಹತ್ತಿ ಹೋಯಿತು. ನವಿಲುತೀರ್ಥದ ಜಲಾಶಯದಲ್ಲಿ 37.73 ಟಿಎಂಸಿ ಹಿಡಿಯುವ ಜಾಗ ಇದೆ, ಆದರೆ ಅದು ತುಂಬದ ವರ್ಷಗಳೇ ಬಹಳ. ತುಂಬಿದ ವರ್ಷ ಒಮ್ಮೆಲೇ ಬಿಟ್ಟು 2009ರಂತೆ, 2019ರಂತೆ ಹೊಳೆದಂಡೆಯ ಊರುಗಳ ಮನೆಯೊಳಗೆ ನೀರು ಹೊಕ್ಕುತ್ತದೆ. ಆಗ ಮುಳುಗಿದ ಬಾವಿ, ಬೋರುಗಳ ನೀರನ್ನು ತಿರುಗಿ ಪರೀಕ್ಷಿಸದೆ ಕುಡಿಯಬಾರದು ಎಂದು ಹೇಳುವವರೂ ಇರಲಿಲ್ಲ. ಕಳಸಾ-ಬಂಡೂರಿಗಾಗಿ 2015ರ ಜುಲೈಯಲ್ಲಿ ನರಗುಂದದಲ್ಲಿ ಧರಣಿ ಕುಂತೆವು. ನ್ಯಾಯಮಂಡಳಿ 2018ರ ಆಗಸ್ಟಿನಲ್ಲಿ ಮಲಪ್ರಭೆಗೆ ತಿರುಗಿಸಿಕೊಳ್ಳಲು 3.9 ಟಿಎಂಸಿ ಕೊಟ್ಟಿತು, 2020ರ ಫೆಬ್ರುವರಿಯಲ್ಲಿ ರಾಜಪತ್ರದಲ್ಲಿ ಅಚ್ಚಾಯಿತು. ಅಚ್ಚಾದ ನೀರನ್ನು ಕುಡಿಯಲು ಬರುವುದಿಲ್ಲ. ಆದರೂ ನಮ್ಮ ಅಭಿಪ್ರಾಯ ಸ್ಪಷ್ಟ: ಯಾವ ಊರಿನ ಬಾವಿಯಲ್ಲಿ ಆರ್ಸೆನಿಕ್ ಕಂಡರೂ ಮೊದಲ ಕೆಲಸ ಆ ಬಾವಿ ಬಿಡುವುದು, ಯಂತ್ರ ತರುವುದಲ್ಲ. ಬಾಂಗ್ಲಾದೇಶದಲ್ಲಿ ವಿಷದ ಬಾವಿಯ ಮೂತಿಗೆ ಕೆಂಪು ಬಣ್ಣ, ಒಳ್ಳೆಯದಕ್ಕೆ ಹಸಿರು ಬಣ್ಣ ಬಳಿದರು. ಒಂದು ಬಾವಿ ಕೆಟ್ಟಿದ್ದರೆ ಕೂಗಳತೆಯ ಇನ್ನೊಂದು ಚೆನ್ನಾಗಿರುವುದು ಬಹಳ ಕಡೆ ಕಂಡಿದೆ. ಅಕ್ಷರ ಬಾರದವರಿಗೂ ಬಣ್ಣ ತಿಳಿಯಿತು. ಹೊಳೆಯ ನೀರು, ಕೆರೆಯ ನೀರು, ಮಾಳಿಗೆಯ ಮಳೆನೀರು ಇವುಗಳಲ್ಲಿ ಕ್ರಿಮಿ ಇರಬಹುದು, ಅದನ್ನು ಕಾಸಿ ಕೊಲ್ಲಬಹುದು. ಬೇರೆ ನೀರೇ ಇಲ್ಲದ ಕಡೆ ಮಾತ್ರ ಸೋಸುಕ. ಅದೂ ಕಾಯುವವನಿದ್ದರೆ.

ಈಗ ಸಂಘದ ಪ್ರತಿ ಗ್ರಾಮ ಘಟಕ ಮಾಡಬೇಕಾದದ್ದು ಹೇಳುತ್ತೇವೆ. ಮುಂದಿನ ಗ್ರಾಮಸಭೆಗೆ ಬರೇ ಮನೆ ಹಂಚಿಕೆಯ ಜಗಳಕ್ಕೆ ಹೋಗಬೇಡಿರಿ. ಊರಿನ ಪ್ರತಿ ಸಾರ್ವಜನಿಕ ಬೋರಿನ, ನಲ್ಲಿಯ ಮೂಲದ, ಶುದ್ಧ ನೀರಿನ ಘಟಕದ ಕಡೆಯ ಪರೀಕ್ಷಾ ವರದಿ ಓದಿ ಹೇಳಿರಿ ಎಂದು ಕೇಳಿರಿ. ಓದುವಾಗ ಆರ್ಸೆನಿಕ್, ಫ್ಲೋರೈಡ್, ನೈಟ್ರೇಟ್ ಮೂರರ ಅಂಕಿ ಬಂತೇ ಎಂದು ಬೆರಳು ಮಡಿಚಿ ಎಣಿಸಿರಿ. ಜಲ ಜೀವನ ಯೋಜನೆಯಲ್ಲಿ ಊರಿನ ಹೆಣ್ಣುಮಕ್ಕಳ ಕೈಗೆ ಕೊಟ್ಟ ಪರೀಕ್ಷೆಯ ಪೆಟ್ಟಿಗೆಯಲ್ಲಿ ಗಡಸು, ಕಬ್ಬಿಣ, ಫ್ಲೋರೈಡ್ ಇಂಥವು ಗೊತ್ತಾಗುತ್ತವೆ. ಆರ್ಸೆನಿಕ್ಕಿಗೆ ಬೇರೆ ಪೆಟ್ಟಿಗೆ ಬೇಕು. ಅದರಲ್ಲಿ ನೀರಿಗೆ ಪುಡಿ ಹಾಕಿದಾಗ ಏಳುವ ಗಾಳಿ ಒಂದು ಕಾಗದದ ಪಟ್ಟಿಗೆ ತಾಗಿ ಹಳದಿಯಿಂದ ಕಂದು ಬಣ್ಣ ಏರುತ್ತದೆ. ಅದು ಸುಳಿವು ಮಾತ್ರ, ಖಾತ್ರಿಗೆ ಪ್ರಯೋಗಾಲಯಕ್ಕೇ ಹೋಗಬೇಕು. ಗ್ರಾಮಸಭೆಯಲ್ಲಿ "ವರದಿ ಆಫೀಸಿನ್ಯಾಗ ಐತಿ, ನಾಳೆ ಬರ್ರಿ" ಎಂದರೆ ಮಾಹಿತಿ ಹಕ್ಕಿನ ಅರ್ಜಿ ಬರೆಯಿರಿ. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಕೊಡಬೇಕು ಎಂದು 2005ರ ಕಾಯ್ದೆ ಹೇಳುತ್ತದೆ. ಅರ್ಜಿಯ ಮಾದರಿಯನ್ನು ಸಂಘದ ಕಚೇರಿಯಲ್ಲಿ ಬರೆದಿಟ್ಟಿದ್ದೇವೆ, ಬಂದವರು ಒಯ್ಯಬಹುದು.

ಸ್ವಂತ ಬೋರಿನ ನೀರನ್ನು ಪರೀಕ್ಷೆಗೆ ಒಯ್ಯುವವರಿಗೆ ಎರಡು ಮಾತು. ಮೋಟಾರ್ ಚಾಲೂ ಮಾಡಿ ಹತ್ತು ಹದಿನೈದು ನಿಮಿಷ ನೀರು ಬಿಟ್ಟು ಆಮೇಲೆ ಹಿಡಿಯಿರಿ, ಹಳೆಯ ಎಣ್ಣೆ ಔಷಧದ ಬಾಟಲಿ ಬೇಡ. ಅರ್ಜಿಯ ಮೇಲೆ ಆರ್ಸೆನಿಕ್ ಎಂದು ನೀವೇ ಬರೆದು, ರಸೀದಿಯಲ್ಲೂ ಬರೆಸಿಕೊಳ್ಳಿರಿ. ಈ ಲೇಖಕ ತನ್ನ ಬೋರಿನ ಎರಡನೆಯ ಬಾಟಲಿಯನ್ನು ಹೀಗೆ ಬರೆಸಿ ಕೊಟ್ಟು ಬಂದಿದ್ದಾನೆ. ಬಂದ ಅಂಕಿ ಏನೇ ಇರಲಿ, ಅದನ್ನು ಮುಂದಿನ ಸಂಚಿಕೆಯಲ್ಲಿ ಅಚ್ಚು ಮಾಡುತ್ತೇವೆ. ಓದುಗರೂ ತಮ್ಮ ಊರಿನ ವರದಿಯ ಪ್ರತಿ ಕಳಿಸಿದರೆ ಪೇಟೆ ಧಾರಣೆಯ ಪಕ್ಕದಲ್ಲೇ ಅದಕ್ಕೊಂದು ಅಂಕಣ ತೆರೆಯುವುದೆಂದು ಸಂಪಾದಕ ಮಂಡಳಿ ತೀರ್ಮಾನಿಸಿದೆ.